ಓದುಗರು ಕೇಳಿದ್ದು, ನಾವು ಹೇಳಿದ್ದು: ನೌರು ಎಂಬ ಪುಟ್ಟ ಗಣರಾಜ್ಯ

ಕಳೆದ ಸಂಚಿಕೆಯ ರಸಪ್ರಶ್ನೆಯಲ್ಲಿ ಜಗತ್ತಿನ ಅತಿ ಚಿಕ್ಕ ಗಣರಾಜ್ಯ ಯಾವುದೆಂದು ಕೇಳಿದ್ದೆವು. ಸರಿಯುತ್ತರ ನೌರು. ಆ ಒಂದು ಪದದ ಉತ್ತರ ಹಲವರಿಗೆ ಸಾಲದಾಗಿ ಪತ್ರಗಳು ಬಂದಿವೆ. ಅವುಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿಕೊಂಡಿದ್ದೇವೆ.

ಪ್ರಶ್ನೆ: ನೌರುವಿಗಿಂತ ವ್ಯಾಟಿಕನ್ ಮತ್ತು ಮೊನಾಕೊ ಚಿಕ್ಕವಲ್ಲವೇ? ಈ ದೇಶ ಇರುವುದಾದರೂ ಎಲ್ಲಿ? (ಶಿವಮೊಗ್ಗದ ಓದುಗರು)

ವಿಸ್ತೀರ್ಣದಲ್ಲಿ ಅವೆರಡೂ ಚಿಕ್ಕವೇ. ಆದರೆ ಒಂದನ್ನು ಪೋಪ್ ಆಳುತ್ತಾರೆ, ಇನ್ನೊಂದನ್ನು ರಾಜವಂಶ ಆಳುತ್ತದೆ. ಗಣರಾಜ್ಯಗಳ ಸಾಲಿನಲ್ಲಿ ಅವು ನಿಲ್ಲುವುದಿಲ್ಲ. ಸಾನ್ ಮರಿನೊ ಗಣರಾಜ್ಯ ಹೌದು, ಆದರೆ ಅದು ನೌರುವಿನ ಸುಮಾರು ಮೂರರಷ್ಟಿದೆ.

ನೌರು ಪೆಸಿಫಿಕ್ ಮಹಾಸಾಗರದಲ್ಲಿ, ಸಮಭಾಜಕ ವೃತ್ತದಿಂದ ಅರ್ಧ ಡಿಗ್ರಿಯಷ್ಟು ದಕ್ಷಿಣಕ್ಕೆ ಒಂಟಿಯಾಗಿ ನಿಂತಿರುವ ದ್ವೀಪ. ಅದಕ್ಕೆ ಹತ್ತಿರದ ನೆಲವೆಂದರೆ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿರುವ, ಕಿರಿಬಾಸ್ ದೇಶಕ್ಕೆ ಸೇರಿದ ಬನಾಬಾ ದ್ವೀಪ. ನೌರುವಿನ ಒಟ್ಟು ವಿಸ್ತೀರ್ಣ 21 ಚದರ ಕಿಲೋಮೀಟರ್. ಬೆಂಗಳೂರು ನಗರದಲ್ಲಿ ಅಂಥ ಮೂವತ್ತು ನೌರುಗಳು ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಕರಾವಳಿಯ ಗುಂಟ ದ್ವೀಪವನ್ನು ಸುತ್ತುವ ರಸ್ತೆಯ ಉದ್ದ ಸುಮಾರು 19 ಕಿಲೋಮೀಟರ್.

ಸುತ್ತಲೂ ಹವಳದ ದಿಬ್ಬ, ಅದರ ಒಳಗೆ ನೂರಾರು ಮೀಟರ್ ಅಗಲದ ಫಲವತ್ತಾದ ಕರಾವಳಿ ಪಟ್ಟಿ, ಅದರಾಚೆ ಏರುವ ಪ್ರಸ್ಥಭೂಮಿ, ಇಷ್ಟೇ ಅದರ ಭೂರಚನೆ. ಸ್ಥಳೀಯರು ಆ ಪ್ರಸ್ಥಭೂಮಿಯನ್ನು ಇಂಗ್ಲಿಷಿನಲ್ಲಿ ‘ಟಾಪ್‌ಸೈಡ್’ ಎಂದು ಕರೆಯುತ್ತಾರೆ. ನದಿಯೆಂಬುದು ಒಂದೂ ಇಲ್ಲ. ಒಳನಾಡಿನಲ್ಲಿ ಬುವಾಡ ಎಂಬ ಸವಳು ನೀರಿನ ಸರೋವರವಿದೆ. ಕುಡಿಯುವ ನೀರಿಗೆ ಮಳೆಯನ್ನೂ, ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕಗಳನ್ನೂ ನೆಚ್ಚಬೇಕು; ಬರಗಾಲದ ವರ್ಷಗಳಲ್ಲಿ ಈ ನೆಚ್ಚಿಗೆ ಕಷ್ಟಕ್ಕೆ ಸಿಲುಕುತ್ತದೆ. ನೈಸರ್ಗಿಕ ಬಂದರಿಲ್ಲ. ಅಧಿಕೃತ ರಾಜಧಾನಿಯೂ ಇಲ್ಲ. ಸಂಸತ್ತು ಮತ್ತು ಸರ್ಕಾರಿ ಕಚೇರಿಗಳು ಯಾರೆನ್ ಜಿಲ್ಲೆಯಲ್ಲಿ, ವಿಮಾನ ನಿಲ್ದಾಣದ ಎದುರಿಗೇ ಇರುವುದರಿಂದ ಭೂಪಟಗಳಲ್ಲಿ ಆ ಹೆಸರನ್ನು ರಾಜಧಾನಿಯ ಜಾಗದಲ್ಲಿ ಬರೆಯುವ ರೂಢಿ ಬಂದಿದೆ.

ಪ್ರಶ್ನೆ: ಒಂದು ಕಾಲದಲ್ಲಿ ಜಗತ್ತಿನಲ್ಲೇ ಅತಿ ಶ್ರೀಮಂತರಾಗಿದ್ದ ನೌರು ಜನ ಸೋಮಾರಿತನದಿಂದಲೂ ದುಂದುಗಾರಿಕೆಯಿಂದಲೂ ಎಲ್ಲವನ್ನೂ ಕಳೆದುಕೊಂಡರು ಎಂದು ಹೇಳುವ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಮಕ್ಕಳಿಗೆ ಇದನ್ನು ನೀತಿಕಥೆಯಾಗಿ ಹೇಳಬಹುದೇ? (ದಾವಣಗೆರೆಯ ಶಿಕ್ಷಕರು)

ಹೇಳಬೇಡಿ ಎಂಬುದು ನಮ್ಮ ಸಲಹೆ. ಆ ವಿಡಿಯೊಗಳು ಕಥೆಯನ್ನು 1970ರ ದಶಕದಿಂದ ಆರಂಭಿಸುತ್ತವೆ. ಅದನ್ನು 1899ರಿಂದ ಆರಂಭಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಆ ವರ್ಷ ಸಿಡ್ನಿಯ ಪೆಸಿಫಿಕ್ ಐಲ್ಯಾಂಡ್ಸ್ ಕಂಪನಿಯ ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ತಡೆಯಲು ಒಂದು ಕಲ್ಲನ್ನು ಇಟ್ಟಿದ್ದರು. ನೌರುವಿನಿಂದ ತಂದಿದ್ದ ಅದನ್ನು ಎಲ್ಲರೂ ಕಲ್ಲಾದ ಮರವೆಂದೇ ತಿಳಿದಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬ ಉದ್ಯೋಗಿ ಅದನ್ನು ಪರೀಕ್ಷೆ ಮಾಡಿಸಿದಾಗ ಅದು ಅತ್ಯುತ್ತಮ ದರ್ಜೆಯ ಫಾಸ್ಫೇಟ್ ಎಂದು ತಿಳಿಯಿತು. ಅಸಂಖ್ಯ ವರ್ಷಗಳ ಕಾಲ ಕಡಲಹಕ್ಕಿಗಳ ಹಿಕ್ಕೆ ಸುಣ್ಣಕಲ್ಲಿನ ಮೇಲೆ ಬಿದ್ದು ಆದ ನಿಕ್ಷೇಪ ಇದು ಎಂಬುದು ಬಹುಕಾಲದಿಂದ ಕೊಡುತ್ತ ಬಂದಿರುವ ವಿವರಣೆ. ಗೊಬ್ಬರದ ಕಚ್ಚಾವಸ್ತುವಾದ ಅದಕ್ಕೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸಾರಗುಂದಿದ ಹೊಲಗಳು ಕಾದು ಕುಳಿತಿದ್ದವು.

1888ರಿಂದ ನೌರು ಜರ್ಮನಿಯ ವಶದಲ್ಲಿತ್ತು. ಜರ್ಮನರೊಂದಿಗೆ ಒಪ್ಪಂದ ಮಾಡಿಕೊಂಡ ಬ್ರಿಟಿಷ್ ಕಂಪನಿ 1906ರ ಸುಮಾರಿಗೆ ಗಣಿಗಾರಿಕೆ ಆರಂಭಿಸಿತು. ನೆಲದ ಒಡೆಯರಿಗೆ ಆರಂಭದಲ್ಲಿ ಸಿಕ್ಕ ರಾಜಧನ ಟನ್ನಿಗೆ ಅರ್ಧ ಪೆನ್ನಿ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯ ದ್ವೀಪವನ್ನು ವಶಪಡಿಸಿಕೊಂಡಿತು. 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಮಂಡಳಿಯನ್ನು ರಚಿಸಿ, ಅದಿರಿನಲ್ಲಿ ತಮಗೆ ಕ್ರಮವಾಗಿ ಶೇಕಡ 42, 42, 16ರಷ್ಟು ಪಾಲು ಎಂದು ಬರೆದುಕೊಂಡವು. ರಾಷ್ಟ್ರಗಳ ಕೂಟ ಈ ದ್ವೀಪವನ್ನು ಅವುಗಳ ಪಾಲನೆಗೆ ಒಪ್ಪಿಸಿದ್ದು ಅಲ್ಲಿನ ಜನರ ಹಿತಕ್ಕಾಗಿ ಎಂದು ಕಾಗದದಲ್ಲಿತ್ತು. ಆದರೆ ಫಾಸ್ಫೇಟ್ ಮಾರಾಟವಾದದ್ದು ಜಾಗತಿಕ ಮಾರುಕಟ್ಟೆಯ ದರದಲ್ಲಲ್ಲ, ಅದಕ್ಕಿಂತ ಬಹಳ ಕೆಳಗಿನ ದರದಲ್ಲಿ, ಆ ದೇಶಗಳ ರೈತರಿಗೆ.

ಗಣಿಗಾರಿಕೆಯ ರೀತಿಯನ್ನು ನೋಡಿದರೆ ನೆಲಕ್ಕೆ ಏನಾಯಿತೆಂಬುದು ತಿಳಿಯುತ್ತದೆ. ಅಲ್ಲಿ ಫಾಸ್ಫೇಟ್ ಪದರವಾಗಿ ಹಾಸಿಕೊಂಡಿರಲಿಲ್ಲ; ಪುರಾತನ ಹವಳದ ಸುಣ್ಣಕಲ್ಲಿನ ಚೂಪು ಕಂಬಗಳ ನಡುವಿನ ಸಂದುಗಳಲ್ಲಿ ತುಂಬಿಕೊಂಡಿತ್ತು. ಮೊದಲು ಮರಗಿಡಗಳನ್ನು ಕಡಿದು, ಮೇಲ್ಮಣ್ಣನ್ನು ತೆಗೆದು, ಬಳಿಕ ಸಂದುಗಳಿಂದ ಅದಿರನ್ನು ಬಾಚಿದರು. ಉಳಿದದ್ದು ಕೆಲವೆಡೆ ಹದಿನೈದು ಮೀಟರ್‌ವರೆಗೆ ಎತ್ತರವಿರುವ, ಬಿಸಿಲಿಗೆ ಕಾದು ಬೂದುಬಣ್ಣಕ್ಕೆ ತಿರುಗಿದ ಕಲ್ಲುಕಂಬಗಳ ಕಾಡು. ಅದರ ಮೇಲೆ ನಡೆಯಲಾಗದು, ಉಳಲಾಗದು, ಮನೆ ಕಟ್ಟಲಾಗದು. ದ್ವೀಪದ ಐದರಲ್ಲಿ ನಾಲ್ಕು ಪಾಲು ಇಂದು ಹೀಗಿದೆ.

1960ರ ದಶಕದಲ್ಲಿ ಆಸ್ಟ್ರೇಲಿಯ ಒಂದು ಪರಿಹಾರವನ್ನು ಮುಂದಿಟ್ಟಿತು: ನೌರು ಜನರೆಲ್ಲ ದ್ವೀಪ ಬಿಟ್ಟು ಕ್ವೀನ್ಸ್‌ಲ್ಯಾಂಡಿನ ಕರ್ಟಿಸ್ ದ್ವೀಪಕ್ಕೆ ಬಂದು ಆಸ್ಟ್ರೇಲಿಯದ ಪ್ರಜೆಗಳಾಗಲಿ. ಪ್ರತ್ಯೇಕ ಜನಾಂಗವಾಗಿ ತಾವು ಅಳಿಸಿಹೋಗುತ್ತೇವೆಂದು ನೌರು ನಾಯಕರು ಅದನ್ನು ನಿರಾಕರಿಸಿದರು, 1968ರಲ್ಲಿ ಸ್ವಾತಂತ್ರ್ಯ ಪಡೆದರು, 1970ರಲ್ಲಿ ಗಣಿಯನ್ನು ಹಣ ಕೊಟ್ಟು ತಮ್ಮದಾಗಿಸಿಕೊಂಡರು. ತಮ್ಮ ನೆಲದಡಿಯ ಸೊತ್ತಿಗೆ ತಾವೇ ಬೆಲೆ ತೆತ್ತರು ಎಂಬುದನ್ನು ವಿಡಿಯೊ ಮಾಡಿದವರು ಯಾಕೋ ಹೇಳುವುದಿಲ್ಲ.

ಹಾಗೆಂದು ಮುಂದಿನದರಲ್ಲಿ ಅವರ ತಪ್ಪೇ ಇರಲಿಲ್ಲವೆಂದು ಹೇಳುವುದೂ ಸತ್ಯಕ್ಕೆ ದೂರ. ಅಗೆದ ನೆಲದಲ್ಲಿ ಸ್ವಾತಂತ್ರ್ಯಕ್ಕೆ ಮುನ್ನ ಅಗೆದದ್ದು ಸುಮಾರು ಮೂರನೇ ಒಂದು ಭಾಗ. ಉಳಿದದ್ದನ್ನು ಅಗೆದದ್ದು ನೌರುವಿನ ಸ್ವಂತ ನಿಗಮವೇ. 1970ರ ದಶಕದಲ್ಲಿ ತಲಾ ಆದಾಯ ಜಗತ್ತಿನ ಮುಂಚೂಣಿಯಲ್ಲಿತ್ತು, ಆದಾಯ ತೆರಿಗೆ ಇರಲಿಲ್ಲ, ಬೆರಳೆಣಿಕೆಯ ಪ್ರಯಾಣಿಕರಿಗಾಗಿ ಸರ್ಕಾರಿ ವಿಮಾನಗಳು ಸಾಗರದ ಮೇಲೆಲ್ಲ ಹಾರಾಡುತ್ತಿದ್ದವು. ಅದಿರು ಮುಗಿದ ಮೇಲಿನ ದಿನಗಳಿಗೆಂದು ಕೂಡಿಟ್ಟ ರಾಜಧನ ನಿಧಿ 1990ರ ದಶಕದ ಆರಂಭದಲ್ಲಿ ನೂರು ಕೋಟಿ ಆಸ್ಟ್ರೇಲಿಯನ್ ಡಾಲರನ್ನು ಮೀರಿತ್ತು. ಆ ನಿಧಿಯನ್ನು ಹೊರಗಿನ ಸಲಹೆಗಾರರ ಮಾತು ನಂಬಿ ಹೋಟೆಲುಗಳಿಗೂ ಕಟ್ಟಡಗಳಿಗೂ ಹಾಕಿದರು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ದ ವಿಂಚಿಯ ಕುರಿತ ಒಂದು ಸಂಗೀತ ನಾಟಕಕ್ಕೂ ಹಣ ಸುರಿದರು, ಅದು ಕೆಲವೇ ವಾರಗಳಲ್ಲಿ ಮುಚ್ಚಿತು. ಮುಂದಿನ ಖರ್ಚುಗಳಿಗೆ ನಿಧಿಯ ಆಸ್ತಿಯನ್ನೇ ಅಡವಿಟ್ಟು ಸಾಲ ತಂದರು. ಮೆಲ್ಬರ್ನ್‌ನಲ್ಲಿ 1977ರಲ್ಲಿ ಎದ್ದ ಐವತ್ತೆರಡು ಮಹಡಿಯ ನೌರು ಹೌಸ್ 2004ರಲ್ಲಿ ಸಾಲಕ್ಕಾಗಿ ಮಾರಾಟವಾಯಿತು. 2005ರ ಕೊನೆಯಲ್ಲಿ ಅವರಲ್ಲಿ ಉಳಿದಿದ್ದ ಒಂದೇ ಬೋಯಿಂಗ್ ವಿಮಾನವನ್ನೂ ಸಾಲಿಗರು ಜಪ್ತಿ ಮಾಡಿದರು.

ಇದರಲ್ಲಿ ಆಡಳಿತಗಾರರ ಹೊಣೆಗೇಡಿತನ ಎದ್ದು ಕಾಣುತ್ತದೆ, ಸಂದೇಹವಿಲ್ಲ. ಆದರೆ ಸ್ವಾತಂತ್ರ್ಯ ಬಂದಾಗ ಕೆಲವೇ ಸಾವಿರ ಜನರಿದ್ದ, ಅರುವತ್ತು ವರ್ಷ ತಮ್ಮ ಹಣದ ಲೆಕ್ಕ ನೋಡಲೂ ಅವಕಾಶವಿಲ್ಲದಿದ್ದ ಸಮುದಾಯವೊಂದು ಹಣಕಾಸು ಮಾರುಕಟ್ಟೆಯ ನುರಿತವರ ಕೈಗೆ ಸಿಕ್ಕ ಕಥೆಗೆ ‘ಸೋಮಾರಿ ಜನ’ ಎಂಬ ಶೀರ್ಷಿಕೆ ಕೊಡುವುದು ಅನ್ಯಾಯ. ತರಗತಿಯಲ್ಲಿ ಹೇಳುವುದಾದರೆ ಎರಡೂ ಭಾಗವನ್ನು ಹೇಳಿ.

ಪ್ರಶ್ನೆ: ನೆಲ ಹಾಳು ಮಾಡಿದ್ದಕ್ಕೆ ಯಾರೂ ಪರಿಹಾರ ಕೊಡಲಿಲ್ಲವೇ? (ಹುಬ್ಬಳ್ಳಿಯ ವಕೀಲರು)

ಕೊಟ್ಟರು, ಕೇಳಿದ ಮೇಲೆ. ಶ್ರೀಲಂಕಾದ ನ್ಯಾಯಶಾಸ್ತ್ರಜ್ಞ ಕ್ರಿಸ್ಟಫರ್ ವೀರಮಂತ್ರಿಯವರ ಅಧ್ಯಕ್ಷತೆಯಲ್ಲಿ ನೌರು ಒಂದು ವಿಚಾರಣಾ ಆಯೋಗವನ್ನು ನೇಮಿಸಿತು. ಅದರ ವರದಿಯ ಬೆನ್ನಿಗೆ, 1989ರ ಮೇ ತಿಂಗಳಲ್ಲಿ, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯದ ಮೇಲೆ ದಾವೆ ಹೂಡಿತು. ಆಡಳಿತ ಮೂರು ದೇಶಗಳದ್ದಾಗಿರುವಾಗ ತನ್ನೊಬ್ಬನನ್ನೇ ಪ್ರತಿವಾದಿಯಾಗಿಸಲಾಗದು ಎಂಬುದು ಆಸ್ಟ್ರೇಲಿಯದ ತಕರಾರುಗಳಲ್ಲಿ ಮುಖ್ಯವಾದದ್ದು. 1992ರ ಜೂನ್‌ನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ವಿಚಾರಣೆ ನಡೆಸಲು ತನಗೆ ಅಧಿಕಾರವಿದೆ ಎಂದಿತು. ಮುಂದಿನ ಹಂತಕ್ಕೆ ಹೋಗುವ ಮೊದಲೇ, 1993ರ ಆಗಸ್ಟ್‌ನಲ್ಲಿ, ಆಸ್ಟ್ರೇಲಿಯ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುವುದೆಂದು ರಾಜಿಯಾಯಿತು. ಅದರಲ್ಲಿ ಒಂದು ಭಾಗ ಇಪ್ಪತ್ತು ವರ್ಷಗಳ ಕಂತು. ಬ್ರಿಟನ್ ಮತ್ತು ನ್ಯೂಜಿಲೆಂಡ್ ತಲಾ 1.2 ಕೋಟಿ ಡಾಲರನ್ನು ಆಸ್ಟ್ರೇಲಿಯಕ್ಕೆ ತುಂಬಿಕೊಟ್ಟವು. ವೀರಮಂತ್ರಿಯವರು ಅಷ್ಟರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ಆಯ್ಕೆಯಾಗಿದ್ದರು, ಆದರೆ ಈ ಪ್ರಕರಣದ ಪೀಠದಲ್ಲಿ ಕೂರಲಿಲ್ಲ. ವಸಾಹತು ಕಾಲದ ಪರಿಸರ ಹಾನಿಗೆ ಹಿಂದಿನ ಆಡಳಿತಗಾರರನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿಸಿದ ಕಾರಣಕ್ಕೆ ಈ ದಾವೆಯನ್ನು ಇಂದಿಗೂ ಕಾನೂನು ತರಗತಿಗಳಲ್ಲಿ ಓದಿಸುತ್ತಾರೆ.

ಹಣ ಬಂದರೂ ಟಾಪ್‌ಸೈಡ್ ಹಸಿರಾಗಲಿಲ್ಲ. ಪುನಶ್ಚೇತನದ ಕೆಲಸ ಆಗಿರುವುದು ತೀರ ಸ್ವಲ್ಪ ಜಾಗದಲ್ಲಿ.

ಪ್ರಶ್ನೆ: ಅಲ್ಲಿನ ಜನ ಯಾರು? ಭಾಷೆ, ಆಚಾರಗಳೇನು? (ಮೈಸೂರಿನ ಓದುಗರು)

ನೌರು ಜನಸಂಖ್ಯೆ ಸುಮಾರು ಹನ್ನೆರಡು ಸಾವಿರ. ಮೈಕ್ರೊನೇಷ್ಯನ್ ಕುಟುಂಬಕ್ಕೆ ಸೇರಿದ ನೌರುವನ್ ಭಾಷೆ ಮನೆಮಾತು, ಆಡಳಿತದಲ್ಲಿ ಇಂಗ್ಲಿಷ್. ಬಹುತೇಕರು ಕ್ರೈಸ್ತರು. ಹನ್ನೆರಡು ಬುಡಕಟ್ಟುಗಳಿದ್ದು, ಮಗು ಸೇರುವುದು ತಾಯಿಯ ಬುಡಕಟ್ಟಿಗೆ. ನಮ್ಮ ತುಳುನಾಡಿನ ಓದುಗರಿಗೆ ಇದು ಹೊಸದೆನಿಸಲಿಕ್ಕಿಲ್ಲ. ದೇಶದ ಧ್ವಜ ಒಂದು ಭೂಪಟವೇ ಸರಿ: ನೀಲಿ ಸಾಗರದ ನಡುವೆ ಹಾದುಹೋಗುವ ಹಳದಿ ಗೆರೆ ಸಮಭಾಜಕ ವೃತ್ತ, ಅದರ ಕೆಳಗಿರುವ ಬಿಳಿ ನಕ್ಷತ್ರ ನೌರು, ನಕ್ಷತ್ರದ ಹನ್ನೆರಡು ಮೊನೆಗಳು ಹನ್ನೆರಡು ಬುಡಕಟ್ಟುಗಳು.

ಅವರ ಹಬ್ಬಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ಇನ್‌ಫ್ಲುಯೆಂಜಾ ಪಿಡುಗಿನಿಂದ 1920ರಲ್ಲಿ ನೌರು ಜನರ ಸಂಖ್ಯೆ ಬಹಳ ಕುಸಿದಿತ್ತು. ಒಂದು ಜನಾಂಗವಾಗಿ ಉಳಿಯಬೇಕಾದರೆ ಕನಿಷ್ಠ 1,500 ಮಂದಿಯಾದರೂ ಇರಬೇಕೆಂದು ಅಂದಿನ ಆಡಳಿತಾಧಿಕಾರಿ ಲೆಕ್ಕ ಹಾಕಿದ್ದರು. 1932ರ ಅಕ್ಟೋಬರ್ 26ರಂದು ಹುಟ್ಟಿದ ಹೆಣ್ಣುಮಗುವೊಂದು ಆ ಸಂಖ್ಯೆಯನ್ನು ತುಂಬಿತು. ಆ ದಿನವನ್ನು ‘ಆಂಗಮ್’ ಎಂಬ ಹೆಸರಿನಲ್ಲಿ ಇಂದಿಗೂ ಆಚರಿಸುತ್ತಾರೆ.

ಹತ್ತೇ ವರ್ಷಗಳಲ್ಲಿ ಲೆಕ್ಕ ಮತ್ತೆ ತಪ್ಪಿತು. 1942ರಲ್ಲಿ ದ್ವೀಪವನ್ನು ಆಕ್ರಮಿಸಿದ ಜಪಾನ್ ಸೇನೆ ಸುಮಾರು 1,200 ನೌರು ಜನರನ್ನು ದುಡಿಮೆಗಾಗಿ ಟ್ರುಕ್ ದ್ವೀಪಗಳಿಗೆ ಸಾಗಿಸಿತು; ಕುಷ್ಠರೋಗಿಗಳಾಗಿದ್ದ 39 ಮಂದಿಯನ್ನು ದೋಣಿಗೆ ಹತ್ತಿಸಿ ಸಮುದ್ರದಲ್ಲಿ ಮುಳುಗಿಸಿತು. ಟ್ರುಕ್‌ನಿಂದ ಬದುಕಿ ಮರಳಿದವರು 737 ಮಂದಿ. ಅವರು ನೌರು ನೆಲವನ್ನು ಮುಟ್ಟಿದ್ದು 1946ರ ಜನವರಿ 31ರಂದು. ಇಪ್ಪತ್ತೆರಡು ವರ್ಷಗಳ ಬಳಿಕ ಸ್ವಾತಂತ್ರ್ಯಕ್ಕೆ ದಿನ ನಿಶ್ಚಯಿಸುವಾಗ ಅದೇ ತಾರೀಖನ್ನು ಆರಿಸಿಕೊಂಡರು. ಮೊದಲ ಅಧ್ಯಕ್ಷ ಹ್ಯಾಮರ್ ಡಿರೋಬರ್ಟ್ ಕೂಡ ಟ್ರುಕ್‌ಗೆ ಹೋಗಿ ಬಂದವರೇ.

ಆರೋಗ್ಯದ ಬಗ್ಗೆಯೂ ಕೆಲವರು ಕೇಳಿದ್ದಾರೆ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಅಲ್ಲಿ ಬಹಳ ಹೆಚ್ಚೆಂಬುದು ನಿಜ. ತೋಟವೂ ಮೀನುಗಾರಿಕೆಯೂ ಹಿಂದೆ ಸರಿದು, ಹಡಗಿನಲ್ಲಿ ಬರುವ ಅಕ್ಕಿ, ಸಕ್ಕರೆ, ಡಬ್ಬಿ ಮಾಂಸವೇ ಊಟವಾದದ್ದು ಇದಕ್ಕೆ ದೊಡ್ಡ ಕಾರಣ. ಅಂಥ ದೇಶದ ಹೆಸರು ಅಂತರರಾಷ್ಟ್ರೀಯ ಕ್ರೀಡೆಯಲ್ಲಿ ಕೇಳಿಬಂದದ್ದು ಭಾರ ಎತ್ತುವ ಸ್ಪರ್ಧೆಯಿಂದ: ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಮಾರ್ಕಸ್ ಸ್ಟೀಫನ್ 2007ರಲ್ಲಿ ದೇಶದ ಅಧ್ಯಕ್ಷರೂ ಆದರು.

ಪ್ರಶ್ನೆ: ಇಷ್ಟು ಚಿಕ್ಕ ದೇಶದಲ್ಲಿ ಸರ್ಕಾರ ಹೇಗೆ ನಡೆಯುತ್ತದೆ? (ಕಲಬುರಗಿಯ ವಿದ್ಯಾರ್ಥಿನಿ)

ಸಂಸತ್ತಿಗೆ ಒಂದೇ ಸದನ, 19 ಸದಸ್ಯರು, ಮೂರು ವರ್ಷದ ಅವಧಿ. ಸದಸ್ಯರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ನಮ್ಮ ರಾಷ್ಟ್ರಪತಿ ಮತ್ತು ಪ್ರಧಾನಮಂತ್ರಿಗಳ ಕೆಲಸವೆರಡನ್ನೂ ಅವರೊಬ್ಬರೇ ಮಾಡುತ್ತಾರೆ. ಡೇವಿಡ್ ಅಡಿಯಾಂಗ್ ಈ ಸ್ಥಾನಕ್ಕೆ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಪಕ್ಷಗಳು ಹೆಸರಿಗಷ್ಟೇ. ಬಹುಮಟ್ಟಿಗೆ ಎಲ್ಲರೂ ಪಕ್ಷೇತರರಾಗಿ, ನೆಂಟಸ್ತಿಕೆ ಮತ್ತು ಸ್ನೇಹದ ಬಲದಿಂದ ಗೆದ್ದು ಬರುವವರಾದ್ದರಿಂದ ಇಬ್ಬರು ಮೂವರು ಸಾಲು ಬದಲಿಸಿದರೆ ಸರ್ಕಾರ ಉರುಳುತ್ತದೆ. ಬರ್ನಾರ್ಡ್ ದೊವಿಯೊಗೊ ಎಂಬವರು ಹೀಗೆ ಬಿದ್ದೆದ್ದು ಒಟ್ಟು ಏಳು ಬಾರಿ ಅಧ್ಯಕ್ಷರಾದರು. ಸೈನ್ಯವಿಲ್ಲ. ಮತದಾನ ಕಡ್ಡಾಯ.

ಮತ ಎಣಿಸುವ ಪದ್ಧತಿ ಮಾತ್ರ ನಿಮ್ಮ ಗಮನಕ್ಕೆ ಯೋಗ್ಯವಾದದ್ದು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿರುವಂತೆ ಅಲ್ಲಿಯೂ ಪ್ರಾಶಸ್ತ್ಯದ ಅಂಕಿ ಹಾಕಬೇಕು. ಆದರೆ ಯಾರನ್ನೂ ಬಿಡದೆ ಎಲ್ಲ ಅಭ್ಯರ್ಥಿಗಳಿಗೂ ಅಂಕಿ ಕೊಡದಿದ್ದರೆ ಮತಪತ್ರ ತಿರಸ್ಕೃತ. ಮೊದಲ ಪ್ರಾಶಸ್ತ್ಯಕ್ಕೆ ಪೂರ್ತಿ ಒಂದು, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೇ ಒಂದು, ನಾಲ್ಕನೆಯದಕ್ಕೆ ಕಾಲು, ಹೀಗೆ ಮೌಲ್ಯ ಇಳಿಯುತ್ತ ಹೋಗುತ್ತದೆ. ಎಲ್ಲವನ್ನೂ ಒಮ್ಮೆಗೇ ಕೂಡಿದಾಗ ಹೆಚ್ಚು ಮೊತ್ತ ಬಂದವರು ಗೆದ್ದರು. 1971ರಲ್ಲಿ ಇದನ್ನು ರೂಪಿಸಿದವರು ಅಲ್ಲಿ ನ್ಯಾಯ ಇಲಾಖೆಯ ಕಾರ್ಯದರ್ಶಿಯಾಗಿದ್ದ ಐರಿಷ್ ವ್ಯಕ್ತಿ ಡೆಸ್ಮಂಡ್ ಡೌಡಾಲ್. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ನೆಂಟನಿಗೆ ಮೊದಲ ಅಂಕಿ ಕೊಟ್ಟು ನೆರೆಯವನನ್ನೂ ಎರಡನೆಯ ಅಂಕಿಯಿಂದ ಸಮಾಧಾನಪಡಿಸಲು ಇದಕ್ಕಿಂತ ಒಪ್ಪುವ ಪದ್ಧತಿ ಬೇರೆ ಇರಲಾರದು ಎಂದು ನಮಗೆ ಅನಿಸುತ್ತದೆ.

ಪ್ರಶ್ನೆ: ಫಾಸ್ಫೇಟ್ ಮುಗಿದ ಮೇಲೆ ಈ ದೇಶ ಯಾವುದರಿಂದ ಜೀವಿಸುತ್ತಿದೆ? (ಬೆಳಗಾವಿ, ತುಮಕೂರು ಮತ್ತು ಮುಂಬಯಿಯ ಓದುಗರು)

ಸುಲಭಕ್ಕೆ ತೆಗೆಯಬಹುದಾದ ಅದಿರು ಮುಗಿದಿದೆ. ಕಂಬಗಳ ಸಂದಿಯಲ್ಲಿ ಉಳಿದದ್ದನ್ನು ಕೆದಕುವ ಎರಡನೆಯ ಸುತ್ತಿನ ಗಣಿಗಾರಿಕೆ 2006ರ ನಂತರ ನಡೆದಿದೆ, ಆದರೆ ಅದರಿಂದ ದೇಶ ನಡೆಯದು. ಹಾಗಾಗಿ ನೌರು ಈಗ ಮಾರುತ್ತಿರುವುದು ಮುಖ್ಯವಾಗಿ ತಾನೊಂದು ಸಾರ್ವಭೌಮ ರಾಷ್ಟ್ರ ಎಂಬ ಸ್ಥಾನವನ್ನು. ಕೇಳಲು ಕಟುವಾಗಿದೆ, ಆದರೆ ಆಯವ್ಯಯವನ್ನು ಅರ್ಥ ಮಾಡಿಕೊಳ್ಳಲು ಬೇರೆ ದಾರಿಯಿಲ್ಲ.

1990ರ ದಶಕದಲ್ಲಿ ನೌರು ವಿಳಾಸದಲ್ಲಿ ನೂರಾರು ಕಾಗದದ ಬ್ಯಾಂಕುಗಳು ನೋಂದಣಿಯಾದವು. ಅವುಗಳ ಮೂಲಕ ರಷ್ಯಾದ ಹಣ ಹೇರಳವಾಗಿ ಹರಿದ ಬಳಿಕ ಅಕ್ರಮ ಹಣ ತಡೆಯುವ ಅಂತರರಾಷ್ಟ್ರೀಯ ಕಾರ್ಯಪಡೆ ದೇಶವನ್ನು ಕಪ್ಪುಪಟ್ಟಿಗೆ ಸೇರಿಸಿತು, 2005ರಲ್ಲಷ್ಟೇ ಅದರಿಂದ ಬಿಡುಗಡೆಯಾಯಿತು. ವಿದೇಶಾಂಗ ಸಂಬಂಧದಲ್ಲೂ ಇದೇ ಬಗೆ. ತೈವಾನ್ ಜೊತೆಗಿದ್ದ ನೌರು 2002ರಲ್ಲಿ ಚೀನಾದ ಕಡೆಗೆ, 2005ರಲ್ಲಿ ಮತ್ತೆ ತೈವಾನ್ ಕಡೆಗೆ, 2024ರ ಜನವರಿಯಲ್ಲಿ ಮತ್ತೊಮ್ಮೆ ಚೀನಾದ ಕಡೆಗೆ ವಾಲಿತು. ವಿಶ್ವಸಂಸ್ಥೆಯಲ್ಲಿ 1999ರಿಂದ ಅದಕ್ಕೂ ಭಾರತದಷ್ಟೇ ತೂಕದ ಒಂದು ಮತ ಇರುವುದು ಇದರ ಹಿಂದಿನ ಬಂಡವಾಳ.

ಎಲ್ಲಕ್ಕಿಂತ ದೊಡ್ಡ ಆದಾಯ ಬಂದಿರುವುದು ಆಸ್ಟ್ರೇಲಿಯದಿಂದ. ಸಮುದ್ರದಲ್ಲಿ ಸಿಕ್ಕಿಬಿದ್ದ ಆಶ್ರಯಾರ್ಥಿಗಳನ್ನು ಟಾಂಪಾ ಎಂಬ ನಾರ್ವೆಯ ಹಡಗು 2001ರ ಆಗಸ್ಟ್‌ನಲ್ಲಿ ರಕ್ಷಿಸಿದಾಗ, ಅವರನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳದ ಆಸ್ಟ್ರೇಲಿಯ ನೌರುವಿನಲ್ಲಿ ಶಿಬಿರ ತೆರೆಸಿತು. 2008ರಲ್ಲಿ ಮುಚ್ಚಿದ ಅದು 2012ರಲ್ಲಿ ಮತ್ತೆ ತೆರೆಯಿತು. ಮಕ್ಕಳೂ ಸೇರಿದಂತೆ ಜನರನ್ನು ವರ್ಷಗಟ್ಟಲೆ ಅನಿಶ್ಚಿತತೆಯಲ್ಲಿ ಇಟ್ಟದ್ದಕ್ಕೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಂದ ಕಟು ಟೀಕೆ ಬಂತು. ಇತ್ತ ನೌರು ಸರ್ಕಾರದ ವರಮಾನದಲ್ಲಿ ಅದೇ ದೊಡ್ಡ ಪಾಲಾಗಿ ಬೆಳೆಯಿತು. 2025ರಲ್ಲಿ ಆದ ಇನ್ನೊಂದು ಒಪ್ಪಂದದಂತೆ, ಆಸ್ಟ್ರೇಲಿಯದಲ್ಲಿ ವೀಸಾ ಕಳೆದುಕೊಂಡು ಬೇರೆಲ್ಲಿಗೂ ಕಳಿಸಲಾಗದ ವಿದೇಶೀಯರನ್ನು ನೌರು ಸೇರಿಸಿಕೊಳ್ಳುತ್ತದೆ. ಅದಕ್ಕೆ ಆರಂಭದಲ್ಲಿ 40.8 ಕೋಟಿ, ಮುಂದೆ ವರ್ಷಕ್ಕೆ 7 ಕೋಟಿ ಆಸ್ಟ್ರೇಲಿಯನ್ ಡಾಲರ್. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಸಂಧಿಯಲ್ಲಿ ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕದಂಥ ವಿಷಯಗಳಲ್ಲಿ ಬೇರೆ ದೇಶಗಳ ಜೊತೆ ವ್ಯವಹರಿಸುವ ಮೊದಲು ಆಸ್ಟ್ರೇಲಿಯದ ಒಪ್ಪಿಗೆ ಬೇಕೆಂದಿದೆ. ಚೀನಾದ ಕಡೆ ವಾಲಿದ ವರ್ಷದಲ್ಲೇ ಈ ಸಂಧಿಯೂ ಆಯಿತೆಂಬುದನ್ನು ಗಮನಿಸಿ.

ಮರ್ಯಾದೆಯ ಆದಾಯವೂ ಒಂದಿದೆ, ಮೀನು. ನೆಲ 21 ಚದರ ಕಿಲೋಮೀಟರ್ ಇದ್ದರೂ ನೌರುವಿನ ಆರ್ಥಿಕ ಹಕ್ಕಿನ ಸಮುದ್ರ ಮೂರು ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು, ಅದು ಟ್ಯೂನಾ ಮೀನು ಓಡಾಡುವ ಕಡಲು. 1982ರ ‘ನೌರು ಒಪ್ಪಂದ’ದಡಿ ಒಗ್ಗೂಡಿದ ಎಂಟು ದ್ವೀಪ ರಾಷ್ಟ್ರಗಳು ವಿದೇಶೀ ಹಡಗುಗಳಿಗೆ ಮೀನು ಹಿಡಿಯುವ ದಿನಗಳನ್ನು ಮಾರುತ್ತವೆ, ಒಂದು ಹಡಗಿನ ಒಂದು ದಿನಕ್ಕೆ ಕನಿಷ್ಠ 8,000 ಅಮೆರಿಕನ್ ಡಾಲರ್. ಬಿಡಿಬಿಡಿಯಾಗಿ ಚೌಕಾಸಿ ಮಾಡುತ್ತಿದ್ದಾಗ ಸಿಗದ ಬೆಲೆ ಒಟ್ಟಾದಾಗ ಸಿಕ್ಕಿತು. ರಾಜಧನ ನಿಧಿಯ ಅನುಭವದಿಂದ ಪಾಠ ಕಲಿತು, 2015ರಲ್ಲಿ ಸ್ಥಾಪಿಸಿದ ಹೊಸ ನಿಧಿಯ ನಿರ್ವಹಣೆಯಲ್ಲಿ ನೆರವು ಕೊಡುವ ದೇಶಗಳಿಗೂ ಜಾಗ ಕೊಟ್ಟಿದ್ದಾರೆ. ಆಳಸಮುದ್ರದ ಲೋಹದ ಗಣಿಗಾರಿಕೆಗೆ ಬೇಗ ನಿಯಮ ಮಾಡಿರೆಂದು 2021ರಲ್ಲಿ ಅಂತರರಾಷ್ಟ್ರೀಯ ಪ್ರಾಧಿಕಾರವನ್ನು ಒತ್ತಾಯಿಸಿದ್ದೂ ನೌರುವೇ. ಗಣಿಯಿಂದ ನೆಲ ಕಳೆದುಕೊಂಡ ದೇಶವೇ ಸಾಗರತಳದ ಗಣಿಗೆ ಮುಂದಾಳಾಗಿರುವುದು ನಮಗೆ ಅಚ್ಚರಿಯೆನಿಸಿದರೂ, ಅವರ ಬಳಿ ಇರುವ ಆಯ್ಕೆಗಳು ಕೆಲವೇ.

ಪ್ರಶ್ನೆ: ಭಾರತಕ್ಕೂ ನೌರುವಿಗೂ ಏನಾದರೂ ಸಂಬಂಧವಿದೆಯೇ? (ಮಂಗಳೂರಿನ ಓದುಗರು)

ಇದೆ, ಅದೂ ನೇರವಾಗಿ ಗೊಬ್ಬರದ ಚೀಲಕ್ಕೆ. ಒಡಿಶಾದ ಪಾರಾದೀಪದಲ್ಲಿರುವ ಪಾರಾದೀಪ್ ಫಾಸ್ಫೇಟ್ಸ್ ಕಂಪನಿ 1981ರಲ್ಲಿ ಹುಟ್ಟಿದ್ದು ಭಾರತ ಸರ್ಕಾರ ಮತ್ತು ನೌರು ಗಣರಾಜ್ಯಗಳ ಜಂಟಿ ಉದ್ಯಮವಾಗಿ. 1993ರಲ್ಲಿ ನೌರು ತನ್ನ ಪಾಲನ್ನು ಬಿಟ್ಟುಕೊಟ್ಟಿತು, ಆಮೇಲೆ ಕಂಪನಿ ಖಾಸಗಿ ಕೈ ಸೇರಿತು. ನಿಮ್ಮ ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಎಂಸಿಎಫ್ (ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್) ಈಚೆಗೆ ವಿಲೀನವಾಗಿರುವುದು ಇದೇ ಕಂಪನಿಯಲ್ಲಿ.

ಪ್ರಶ್ನೆ: ಸಮುದ್ರ ಏರಿದರೆ ನೌರು ಮುಳುಗುತ್ತದೆಯೇ? (ಕಾರವಾರದ ಓದುಗರು)

ಪೂರ್ತಿ ಮುಳುಗುವುದಿಲ್ಲ, ಟಾಪ್‌ಸೈಡ್ ಸಾಕಷ್ಟು ಎತ್ತರದಲ್ಲಿದೆ. ಆದರೆ ಮನೆ, ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲವೂ ಇರುವುದು ಕರಾವಳಿ ಪಟ್ಟಿಯಲ್ಲಿ. ಹಾಗಾಗಿ ಬಹುಪಾಲು ಜನರನ್ನು ಮೇಲಕ್ಕೆ, ಅಗೆದು ಬಿಟ್ಟ ಜಾಗಕ್ಕೆ ಸಾಗಿಸುವ ಯೋಜನೆಯೊಂದನ್ನು ಸರ್ಕಾರ ಹಾಕಿಕೊಂಡಿದೆ. ಕಲ್ಲುಕಂಬಗಳನ್ನು ಮಟ್ಟ ಮಾಡಿ, ಮಣ್ಣು ತುಂಬಿ, ನೀರು ಒದಗಿಸಿ ಊರು ಕಟ್ಟಬೇಕು. ಖರ್ಚು ದೊಡ್ಡದು.

ಪ್ರಶ್ನೆ: ನೌರು ಪೌರತ್ವ ಹಣಕ್ಕೆ ಸಿಗುತ್ತದೆಂದು ಕೇಳಿದೆ. ಭಾರತೀಯರು ಪಡೆಯಬಹುದೇ? (ಬೆಂಗಳೂರಿನ ಓದುಗರು)

ಆ ಸ್ಥಳಾಂತರದ ಖರ್ಚಿಗೆಂದೇ 2024ರ ನವೆಂಬರ್‌ನಲ್ಲಿ ಈ ಯೋಜನೆಯನ್ನು ಘೋಷಿಸಿದರು. ಆರಂಭದಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತ 1,05,000 ಅಮೆರಿಕನ್ ಡಾಲರ್. ಅರ್ಜಿ ಹಾಕುವ ಮುನ್ನ ನಮ್ಮ 1955ರ ಪೌರತ್ವ ಕಾಯ್ದೆಯ ಒಂಬತ್ತನೆಯ ಕಲಮನ್ನು ಓದಿಕೊಳ್ಳಿ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಿಂದ ಭಾರತದ ಪೌರತ್ವ ರದ್ದಾಗುತ್ತದೆ, ಪಾಸ್‌ಪೋರ್ಟನ್ನು ಹಿಂದಿರುಗಿಸಬೇಕಾಗುತ್ತದೆ. ಆಮೇಲೆ ನಿಮ್ಮ ಬೆಂಗಳೂರಿನ ಮನೆಗೆ ಬಂದಿರಲೂ ವೀಸಾ ಅಥವಾ ಸಾಗರೋತ್ತರ ಭಾರತೀಯರ ಕಾರ್ಡು ಬೇಕು.